ಇಂಟೆಲ್‌ಗೆ ಬೇಕಿರೋದು ಗಿರಾಕಿ, ಸಿಕ್ಕಿರೋದು ಸರ್ಕಾರ

ಖಾಸಗಿ ಕಂಪನಿಗಳ ವ್ಯವಹಾರದಲ್ಲಿ ಸರ್ಕಾರ ಮೂಗು ತೂರಿಸಬಾರದು ಅಂತ ಜಗತ್ತಿಗೆಲ್ಲ ಪಾಠ ಹೇಳಿದ ದೇಶ ಅಮೆರಿಕ. ಅದೇ ಅಮೆರಿಕದ ಸರ್ಕಾರ 2025ರ ಆಗಸ್ಟ್‌ನಲ್ಲಿ ಇಂಟೆಲ್‌ನ ಸುಮಾರು ಶೇ. 10ರಷ್ಟು ಪಾಲು ಪಡೆಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಕಂಪನಿಯ ಸಿಇಒ ಲಿಪ್-ಬು ಟಾನ್ ರಾಜೀನಾಮೆ ಕೊಡಬೇಕು ಅಂತ ಟ್ರಂಪ್ ಅಬ್ಬರಿಸಿದ್ದರು. ಟಾನ್ ಶ್ವೇತಭವನಕ್ಕೆ ಹೋಗಿ ಬಂದರು, ರಾಜೀನಾಮೆಯ ಮಾತು ತಣ್ಣಗಾಯಿತು. ಪಾಲು ಪಡೆಯುವ ಯೋಚನೆಯನ್ನು ಎಡಪಂಥೀಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಕೂಡ ಬೆಂಬಲಿಸಿದ್ದು ಇನ್ನೊಂದು ಸೋಜಿಗ.

ಆದರೆ ಸರ್ಕಾರ ಷೇರುದಾರ ಆದ ಮಾತ್ರಕ್ಕೆ ಇಂಟೆಲ್ ಉಳಿಯುತ್ತಾ?

ಕಂಪನಿ ಬಿದ್ದಿದ್ದು ಒಂದೇ ದಿನದಲ್ಲಿ ಅಲ್ಲ. ಮೊದಲ ಐಫೋನ್‌ಗೆ ಚಿಪ್ ಮಾಡಿಕೊಡುವ ಅವಕಾಶ ಬಂದಾಗ ಲೆಕ್ಕ ಗಿಟ್ಟಲ್ಲ ಅಂತ ಬಿಟ್ಟುಕೊಟ್ಟರು. ಮೊಬೈಲ್ ಮಾರುಕಟ್ಟೆ ಪೂರ್ತಿ ಕೈತಪ್ಪಿತು. ಇದಕ್ಕಿಂತ ದೊಡ್ಡ ಪೆಟ್ಟು ಕಾರ್ಖಾನೆಯೊಳಗೆ ಬಿತ್ತು. ಅತಿ ಸೂಕ್ಷ್ಮ ಚಿಪ್‌ಗಳಿಗೆ ಬೇಕಾದ ಇಯುವಿ ಯಂತ್ರ ತಯಾರಿಸುವ ಡಚ್ ಕಂಪನಿ ಎಎಸ್‌ಎಂಎಲ್‌ನಲ್ಲಿ 2012ರಲ್ಲೇ ದುಡ್ಡು ಹಾಕಿದ್ದು ಇಂಟೆಲ್. ಆದರೆ ಆ ಯಂತ್ರವನ್ನು ಇಂಟೆಲ್‌ಗಿಂತ ಮೊದಲು ದುಡಿಸಿಕೊಂಡಿದ್ದು ತೈವಾನಿನ ಟಿಎಸ್‌ಎಂಸಿ. ಇಂಟೆಲ್ ಹಳೇ ವಿಧಾನದಲ್ಲೇ 10 ನ್ಯಾನೋಮೀಟರ್ ಚಿಪ್ ಮಾಡಲು ಹೋಗಿ ವರ್ಷಗಟ್ಟಲೆ ಒದ್ದಾಡಿತು. 2024ರ ನಷ್ಟ ಸುಮಾರು 1,880 ಕೋಟಿ ಡಾಲರ್. ಅದೇ ನವೆಂಬರ್‌ನಲ್ಲಿ ಡೌ ಜೋನ್ಸ್ ಸೂಚ್ಯಂಕದಲ್ಲಿ ಅದರ ಜಾಗಕ್ಕೆ ಎನ್‌ವಿಡಿಯಾ ಬಂತು.

ಈಗಿನ ಗಂಟು ಇರೋದು ಫೌಂಡ್ರಿಯಲ್ಲಿ, ಅಂದರೆ ಬೇರೆಯವರ ವಿನ್ಯಾಸಕ್ಕೆ ಚಿಪ್ ತಯಾರಿಸಿಕೊಡುವ ವ್ಯವಹಾರದಲ್ಲಿ. ಒಂದು ಆಧುನಿಕ ಕಾರ್ಖಾನೆಗೆ ಸಾವಿರಾರು ಕೋಟಿ ಡಾಲರ್ ಬೇಕು. ಇಂಟೆಲ್‌ನ ಸ್ವಂತ ಚಿಪ್‌ಗಳಷ್ಟೇ ಆ ಖರ್ಚು ಹೊರಲಾರವು, ಹೊರಗಿನ ಗಿರಾಕಿ ಬರಲೇಬೇಕು. ಆದರೆ ಆ ಗಿರಾಕಿಗಳಲ್ಲಿ ಹಲವರು ಇಂಟೆಲ್‌ನ ಎದುರಾಳಿಗಳೇ. ಪಕ್ಕದ ಅಂಗಡಿಯವನ ಕೈಗೆ ನಿಮ್ಮ ಅಂಗಡಿಯ ಗುಟ್ಟು ಕೊಡ್ತೀರಾ? ಟಿಎಸ್‌ಎಂಸಿಗೆ ಈ ತೊಡಕಿಲ್ಲ, ಅದು ಸ್ವಂತ ಚಿಪ್ ಮಾರುವುದಿಲ್ಲ. ಹೊರಗಿನ ದೊಡ್ಡ ಗಿರಾಕಿ ಸಿಗದಿದ್ದರೆ 14ಎ ಎಂಬ ಮುಂದಿನ ತಂತ್ರಜ್ಞಾನವನ್ನೇ ಕೈಬಿಡಬೇಕಾಗಬಹುದು ಅಂತ ಕಂಪನಿ 2025ರ ಜುಲೈನಲ್ಲಿ ಒಪ್ಪಿಕೊಂಡಿತ್ತು. ಸೆಪ್ಟೆಂಬರ್‌ನಲ್ಲಿ 500 ಕೋಟಿ ಡಾಲರ್ ಹೂಡಿಕೆ ಘೋಷಿಸಿದ ಎನ್‌ವಿಡಿಯಾ ಕೂಡ ತನ್ನ ಚಿಪ್‌ಗಳನ್ನು ಅಲ್ಲಿ ಮಾಡಿಸುವ ಮಾತು ಕೊಡಲಿಲ್ಲ.

ಹಾಗಾದರೆ ವಿನ್ಯಾಸ ಮತ್ತು ಕಾರ್ಖಾನೆಯನ್ನು ಎರಡು ಕಂಪನಿ ಮಾಡಿಬಿಡಬಹುದಲ್ಲ? ನನ್ನ ಪ್ರಕಾರ ಇವತ್ತಲ್ಲದಿದ್ದರೂ ನಾಳೆ ಮಾಡಲೇಬೇಕು. ಆದರೆ ಸರ್ಕಾರದ ಒಪ್ಪಂದ ಅಲ್ಲೇ ಬೇಲಿ ಹಾಕಿದೆ: ಫೌಂಡ್ರಿಯಲ್ಲಿ ಇಂಟೆಲ್‌ನ ಪಾಲು ಶೇ. 51ಕ್ಕಿಂತ ಕೆಳಗಿಳಿದರೆ ಸರ್ಕಾರ ಇನ್ನೂ ಶೇ. 5ರಷ್ಟು ಷೇರು ಕೊಳ್ಳಬಹುದು. ಉಳಿಯುವ ದಾರಿಗೇ ದಂಡ!

ಇನ್ನು ಸರ್ಕಾರ ಹಾಕಿದ 890 ಕೋಟಿ ಡಾಲರ್ ಹೊಸ ದುಡ್ಡೂ ಅಲ್ಲ. ಬೈಡನ್ ಕಾಲದಲ್ಲಿ ಮಂಜೂರಾಗಿ ಕೈಸೇರದೇ ಇದ್ದ ಅನುದಾನವನ್ನೇ ಷೇರಾಗಿ ಬದಲಾಯಿಸಿದ್ದು. ಸಾರ್ವಜನಿಕರ ಹಣಕ್ಕೆ ಪಾಲು ಕೇಳಿದ್ದು ಸರಿಯೇ. ಆದರೆ ಸರ್ಕಾರಕ್ಕೆ ನಿರ್ದೇಶಕ ಮಂಡಳಿಯಲ್ಲಿ ಸ್ಥಾನವಿಲ್ಲ, ನೌಕರರ ಪರ ಒಂದು ಷರತ್ತೂ ಕಾಣಲ್ಲ. ಅದೇ ವರ್ಷ ಕಂಪನಿ ತನ್ನ ಮುಖ್ಯ ಸಿಬ್ಬಂದಿಯನ್ನು 75 ಸಾವಿರಕ್ಕೆ ಇಳಿಸಲು ಹೊರಟಿತ್ತು. ಜರ್ಮನಿ, ಪೋಲೆಂಡ್ ಯೋಜನೆಗಳು ರದ್ದಾದವು, ಓಹಾಯೋ ಕಾರ್ಖಾನೆ 2030-31ಕ್ಕೆ ಹೋಯಿತು.

ಇದು ನಮಗೂ ದೂರದ ಸುದ್ದಿಯಲ್ಲ. ಅಮೆರಿಕದ ಹೊರಗೆ ಇಂಟೆಲ್‌ನ ಅತಿ ದೊಡ್ಡ ವಿನ್ಯಾಸ ಕೇಂದ್ರ ಇರೋದು ಬೆಂಗಳೂರಲ್ಲಿ. ಕಾರ್ಖಾನೆ ಉಳಿಸೋಕೆ ವಿನ್ಯಾಸದ ಖರ್ಚು ಕಡಿಮೆ ಮಾಡಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ ತೀರ್ಮಾನವಾದರೆ ಅದನ್ನು ಪ್ರಶ್ನಿಸೋದು ಇಲ್ಲಿನ ಎಂಜಿನಿಯರ್‌ಗೆ ಸುಲಭವಲ್ಲ. ಅವರ ಪರವಾಗಿ ಮಾತಾಡಬೇಕಾದ ರಾಜ್ಯ ಸರ್ಕಾರವೋ, ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನಿನ ಸ್ಥಾಯಿ ಆದೇಶಗಳಿಂದ ವರ್ಷಗಳಿಂದ ವಿನಾಯಿತಿ ಕೊಡುತ್ತಾ ಬಂದಿದೆ.