ಮೆಟಲ್ ಡಿಟೆಕ್ಟರ್ ಕೊಳ್ಳೋ ಮುಂಚೆ ಒಂದ್ನಿಮಿಷ...

ಯೂಟ್ಯೂಬ್ ತೆರೆದರೆ ಈಗ ಇದೇ ಹಾವಳಿ. ಇಂಗ್ಲೆಂಡಿನ ಯಾವುದೋ ಉತ್ತ ಹೊಲ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಆಸಾಮಿ, ಕೈಯಲ್ಲೊಂದು ಉದ್ದನೆ ಕೋಲು, ಕೋಲಿನ ತುದಿಗೆ ತಟ್ಟೆ. "ಕುಂಯ್" ಅಂತ ಸದ್ದು ಬರುತ್ತೆ, ಅಗೀತಾನೆ, ರೋಮನ್ ನಾಣ್ಯ! ಇದನ್ನು ನೋಡಿ ನೋಡಿ ಸಿರುಗುಪ್ಪ ಕಡೆಯ ನನ್ನ ಗೆಳೆಯನೊಬ್ಬನಿಗೂ ಹುಚ್ಚು ಹಿಡಿದಿದೆ. "ಕೆಂಚನಗುಡ್ಡದ ಹೊಳಿದಂಡ್ಯಾಗ ಒಂದು ಸುತ್ತು ಹೊಡದ್ರ ಸಾಕಲೇ, ಕೃಷ್ಣದೇವರಾಯನ ಕಾಲದ ವರಹ ಸಿಕ್ಕೇ ಸಿಗ್ತಾವ" ಅಂತಾನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಬೇಡ.

ಆಸೆ ತಪ್ಪು ಅಂತ ಹೇಳ್ತಿಲ್ಲ. ತುಂಗಭದ್ರೆಯ ಈ ದಂಡೆ ಅಂಥದ್ದೇ. ವಿಜಯನಗರದ ಕಾಲದಲ್ಲಿ ತೆಗೆದ ಕಾಲುವೆಗಳ ನೀರಿನಲ್ಲಿ ಇಲ್ಲಿ ಇವತ್ತಿಗೂ ಭತ್ತ ಬೆಳೆಯುತ್ತೆ. ಇದೇ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲಿ ಅಶೋಕನ ಶಾಸನಗಳಿವೆ. ಮಣ್ಣಿನಲ್ಲಿ ಏನೂ ಇರಲಿಕ್ಕಿಲ್ಲ ಅಂತ ಯಾರು ಹೇಳೋಕಾಗುತ್ತೆ?

ಆದರೆ ಆ ಯಂತ್ರ ಮಾಡೋದೇನು ನೋಡಿ. ತಟ್ಟೆಯೊಳಗಿನ ತಂತಿ ಸುರುಳಿ ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹರಿದು ತಿರುಗಿ ಸುದ್ದಿ ಕೊಡುತ್ತೆ. ಅಷ್ಟೇ. ಅದಕ್ಕೆ ವರಹವೂ ಒಂದೇ, ಟ್ರ್ಯಾಕ್ಟರಿನ ಬೋಲ್ಟೂ ಹೆಚ್ಚುಕಡಿಮೆ ಒಂದೇ. ಮಡಕೆ ಚೂರು, ಮೂಳೆ, ಬೂದಿ, ಸುಟ್ಟ ಕಾಳು, ಇವು ಅದರ ಕಿವಿಗೆ ಬೀಳೋದೇ ಇಲ್ಲ. ಇತಿಹಾಸ ಹೇಳೋ ಸಾಮಾನೇ ಅವು!

ದೂರ ಹೋಗೋದು ಬೇಡ, ತೆಕ್ಕಲಕೋಟೆಯನ್ನೇ ತಗೊಳ್ಳಿ. 1960ರ ದಶಕದಲ್ಲಿ ಎಂ.ಎಸ್. ನಾಗರಾಜ ರಾವ್ ಅವರು ಅಲ್ಲಿನ ಗುಡ್ಡಗಳಲ್ಲಿ ಉತ್ಖನನ ಮಾಡಿದಾಗ ಹೊಸಶಿಲಾಯುಗದ ಜನರ ವಸತಿ ಸಿಕ್ಕಿತು. ಅದರಲ್ಲಿ ಪುಟ್ಟ ಬಂಗಾರದ ಒಡವೆಯೂ ಇತ್ತು. ತೂಕ ಹಾಕಿದರೆ ಏನು ಮಹಾ? ಆದರೆ ಅದು ಯಾವ ಪದರದಲ್ಲಿ, ಯಾವ ಮಡಕೆ, ಯಾವ ಕಲ್ಲಿನ ಕೊಡಲಿಯ ಜೊತೆಗಿತ್ತು ಅಂತ ಬರೆದಿಟ್ಟಿದ್ದರಿಂದ, ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಕಲ್ಲಿನ ಆಯುಧ ಹಿಡಿದ ಬಳ್ಳಾರಿ ಸೀಮೆಯ ಜನ ಬಂಗಾರ ತೊಡುತ್ತಿದ್ದರು ಅಂತ ಗೊತ್ತಾಯಿತು. ಅದೇ ಒಡವೆ ರಾತ್ರೋರಾತ್ರಿ ಯಾರದೋ ಜೇಬಿಗೆ ಹೋಗಿದ್ದರೆ? ಅಕ್ಕಸಾಲಿಗರ ಮೂಸೆಯಲ್ಲಿ ಕರಗಿ ಇನ್ಯಾರದೋ ಮೂಗುತಿ ಆಗಿರುತ್ತಿತ್ತು.

ಇನ್ನೊಂದು ಮುಖ ಇದೆ, ಕ್ರೂರವಾದದ್ದು. ನಮ್ಮಲ್ಲಿ ನಿಧಿ ಹುಡುಕಾಟ ಅಂದರೆ ಅಮಾವಾಸ್ಯೆ, ನಿಂಬೆಹಣ್ಣು, ಹಾರೆ, ಗುದ್ದಲಿ. 2019ರ ಜುಲೈಯಲ್ಲಿ ಇದೇ ಹೊಳೆಯ ಮೇಲ್ಗಡೆ, ಆನೆಗೊಂದಿಯ ನವವೃಂದಾವನ ನಡುಗಡ್ಡೆಯಲ್ಲಿ, ವ್ಯಾಸರಾಜರ ವೃಂದಾವನವನ್ನು ನಿಧಿಯ ಆಸೆಗೆ ಒಡೆದು ಹಾಕಿದರು. ಭಕ್ತರು ಕೂಡಿ ಮತ್ತೆ ಕಟ್ಟಿದರು, ಪೊಲೀಸರು ಕಳ್ಳರನ್ನು ಹಿಡಿದರು. ನಮ್ಮ ಕೆಂಚನಗುಡ್ಡದಲ್ಲೂ ರಾಯರ ಮಠದ ಪರಂಪರೆಯ ವಸುಧೇಂದ್ರತೀರ್ಥರ ವೃಂದಾವನ ಇದೆ ಅನ್ನೋದು ನೆನಪಿರಲಿ. ಹವ್ಯಾಸಕ್ಕೆ ಅಂತ ಒಬ್ಬ ಯಂತ್ರ ಹಿಡಿದು ಓಡಾಡಿದರೆ, ಎಲ್ಲಿ "ಕುಂಯ್" ಅಂದಿತು ಅಂತ ನೋಡಿಟ್ಟುಕೊಳ್ಳೋಕೆ ಹತ್ತು ಜನ ಇರ್ತಾರೆ.

"ಹಾಗಾದ್ರೆ ಇಂಗ್ಲೆಂಡಿನಲ್ಲಿ?" ಅಂತ ಕೇಳ್ತೀರಿ. ಒಳ್ಳೆ ಪ್ರಶ್ನೆ. 1992ರಲ್ಲಿ ಅಲ್ಲಿನ ಹಾಕ್ಸ್ನ್ ಎಂಬ ಹಳ್ಳಿಯಲ್ಲಿ ರೈತನೊಬ್ಬ ಸುತ್ತಿಗೆ ಕಳೆದುಕೊಂಡ. ಹುಡುಕಿಕೊಡೋಕೆ ಬಂದ ಗೆಳೆಯನ ಡಿಟೆಕ್ಟರಿಗೆ ಸಿಕ್ಕಿದ್ದು ರೋಮನ್ ಕಾಲದ ಸುಮಾರು 15 ಸಾವಿರ ನಾಣ್ಯಗಳ ಗಂಟು, ಜೊತೆಗೆ ಬಂಗಾರದ ಒಡವೆ! ಆತ ಒಂದಿಷ್ಟು ತೆಗೆದು ನೋಡಿ, ಉಳಿದದ್ದನ್ನು ಅಲ್ಲೇ ಬಿಟ್ಟು ಅಧಿಕಾರಿಗಳಿಗೆ ಹೇಳಿದ. ಮರುದಿನ ತಜ್ಞರು ಬಂದು ಅಗೆದಾಗ, ಕೊಳೆತುಹೋದ ಮರದ ಪೆಟ್ಟಿಗೆಯ ಗುರುತೂ, ಸಾಮಾನು ಜೋಡಿಸಿಟ್ಟ ಕ್ರಮವೂ ಸಿಕ್ಕಿತು. ಗೆಳೆಯನಿಗೆ ಲಕ್ಷಗಟ್ಟಲೆ ಪೌಂಡ್ ಬಹುಮಾನ ಸಿಕ್ಕಿತು, ಆತ ಅದನ್ನು ರೈತನ ಜೊತೆ ಹಂಚಿಕೊಂಡ. ಆ ಸುತ್ತಿಗೆ ಕೂಡ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ :)

ಅಲ್ಲಿ ಹೇಳಿದವನಿಗೆ ಮರ್ಯಾದೆ ಇದೆ, ಹಣವೂ ಇದೆ. ನಮ್ಮಲ್ಲಿ? ನಮ್ಮಲ್ಲೂ ಕಾನೂನಿಗೇನು ಕೊರತೆಯಿಲ್ಲ. 1878ರ ಬ್ರಿಟಿಷರ ನಿಧಿ ಕಾಯ್ದೆಯೇ, ವಾರಸುದಾರರು ಯಾರೂ ಬರದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಡವನಿಗೆ ಮುಕ್ಕಾಲು, ಜಾಗದವನಿಗೆ ಕಾಲು ಪಾಲು ಅಂದಿತ್ತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಆದರೆ ನೇಗಿಲಿಗೆ ಕುಡಿಕೆ ತಾಗಿದ ರೈತನಿಗೆ ಇದೆಲ್ಲ ಗೊತ್ತೇ? ಅವನಿಗೆ ಗೊತ್ತಿರೋದು ಒಂದೇ ಮಾತು, "ಹೊಲದಾಗ ಏನರ ಸಿಕ್ರ ಬಾಯಿ ಬಿಡಬ್ಯಾಡ". ಹೇಳಿದರೆ ಪೊಲೀಸರು ಬರ್ತಾರೆ, ಹೊಲ ಹೋಗುತ್ತೆ, ಇನ್ನೆಷ್ಟು ಬಚ್ಚಿಟ್ಟಿದ್ದೀಯ ಅಂತ ಕೇಳ್ತಾರೆ ಅನ್ನೋ ಭಯ. ಆ ಭಯವೇ ನಾಣ್ಯಗಳನ್ನು ಮೂಸೆಗೆ ತಳ್ಳೋದು.

ಹಾಗಾಗಿ ನನ್ನ ವಾದ ಎರಡೇ. ಹವ್ಯಾಸಿಗಳು ಯಂತ್ರ ಹಿಡಿದು ಗುಡ್ಡ, ಗುಡಿ, ಹೊಳೆದಂಡೆ ಸುತ್ತೋದು ಬೇಡ. ಸರ್ಕಾರವೂ ಸುಮ್ಮನೆ ಹೆದರಿಸೋದು ಬಿಟ್ಟು, ತಾನಾಗಿ ಬಂದು ಹೇಳಿದ ರೈತನಿಗೆ ತಾಲೂಕು ಕಚೇರಿಯಲ್ಲೇ ಫೋಟೊ ಸಮೇತ ರಸೀದಿ ಕೊಡಲಿ. ವರ್ಷಗಟ್ಟಲೆ ಅಲೆದಾಡಿಸದೆ ಬಹುಮಾನ ಮುಟ್ಟಿಸಲಿ. ಮ್ಯೂಸಿಯಮ್ಮಿನ ಚೀಟಿಯಲ್ಲಿ ರಾಜನ ಹೆಸರಿನ ಕೆಳಗೆ, ಒಪ್ಪಿದರೆ, ಆ ರೈತನ ಹೆಸರೂ ಇರಲಿ.

ಗೆಳೆಯನಿಗೆ ಇನ್ನೂ ಸಮಾಧಾನ ಆಗಿಲ್ಲ. ವರಹ ನೋಡಲೇಬೇಕು ಅಂದರೆ ಬಸ್ ಹತ್ತಿ ಹಂಪಿ ಹತ್ತಿರದ ಕಮಲಾಪುರದ ಮ್ಯೂಸಿಯಮ್ಮಿಗೆ ಹೋಗು ಮಾರಾಯ ಅಂದಿದ್ದೀನಿ. ಡಿಟೆಕ್ಟರಿಗಿಂತ ಟಿಕೆಟ್ಟು ಸೋವಿ!

ನೀವೇನಂತೀರಿ? ನಿಮ್ಮೂರಲ್ಲಿ ಹೀಗೆ ಸಿಕ್ಕಿದ್ದು, ಸಿಕ್ಕಿ ಕರಗಿಹೋದದ್ದು ಇದ್ದರೆ ಬರೀರಿ. ಹೊಲದ ಗುರುತು ಮಾತ್ರ ಬೇಡ :)