‘ಅಪ್ಪ ಏನ್ ಮಾಡ್ತಾರೆ?’

ಹೋದ ತಿಂಗಳು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಾಫಿ ಕುಡಿಯುವಾಗ ಹಳೇ ಕ್ಲಾಸ್‌ಮೇಟ್ ಒಬ್ಬ ಶುರು ಹಚ್ಚಿದ. ‘ಬರೀ ನೀಟ್ ರ‍್ಯಾಂಕ್ ನೋಡಿ ಸೀಟು ಕೊಟ್ರೆ ಹಿಂಗೇ ಕಣೋ. ಡಾಕ್ಟರು ಪೇಷಂಟ್ ಮುಖಾನೂ ನೋಡಲ್ಲ. ಮೊದಲು ಇಂಟರ್‌ವ್ಯೂ ಮಾಡಿ, ಮನುಷ್ಯತ್ವ ಇದೆಯಾ ಅಂತ ನೋಡ್ಬೇಕು.’ ಕೇಳೋಕೇನೋ ಚೆನ್ನಾಗಿದೆ. ಆದರೆ ಇಂಟರ್‌ವ್ಯೂ ಕೋಣೆಯಲ್ಲಿ ಏನನ್ನು ನೋಡ್ತಾರೆ ಅಂತ ನನಗೆ ಗೊತ್ತು.

ನಾನು ಭದ್ರಾವತಿಯವನು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಗಾರ. ನಾನು ಓದಿದ್ದು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಂಬಿಬಿಎಸ್ ಸೀಟು ಸಿಕ್ಕಿದ್ದು ಸಿಇಟಿಯಿಂದ. ಅಪ್ಪ ಏನ್ ಮಾಡ್ತಾರೆ ಅಂತ ರ‍್ಯಾಂಕ್ ಪಟ್ಟಿ ಕೇಳಲಿಲ್ಲ. ಮುಂದೆ ಆಸ್ಪತ್ರೆಯೊಂದರ ಕೆಲಸಕ್ಕೆ ಹೋದಾಗ ಮೊದಲ ಪ್ರಶ್ನೆಯೇ ಅದು. ಎರಡನೆಯದು, ಯಾವ ಸ್ಕೂಲು. ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ತಡವರಿಸಿದೆ. ರೋಗಿಗಳ ಬಗ್ಗೆ ಒಂದು ಮಾತೂ ಬರಲಿಲ್ಲ.

ಮೆಡಿಕಲ್ ಸೀಟಿಗೂ ಹಿಂದೆ ಇದೇ ಇತ್ತು. ಅರವತ್ತರ ದಶಕದಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನ ಇಟ್ಟಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅದಕ್ಕೆ ಮೀಸಲು. ಅಳೆಯುತ್ತಿದ್ದದ್ದು ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ, ಚರ್ಚಾಸ್ಪರ್ಧೆ. ಹಳ್ಳಿ ಶಾಲೆಯಲ್ಲಿ ಎನ್‌ಸಿಸಿ ಎಲ್ಲಿಂದ ತರೋದು? 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಈ ಪದ್ಧತಿಯನ್ನು ಒಪ್ಪಿತು. ನ್ಯಾಯಮೂರ್ತಿ ಮುಧೋಳ್ಕರ್ ಭಿನ್ನಮತ ಬರೆದರು. 1980ರಲ್ಲಿ ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರಕರಣದ ತೀರ್ಪು ಬಂತು. ಅಲ್ಲಿ ಸಂದರ್ಶನಕ್ಕೆ ಮೂರನೇ ಒಂದು ಭಾಗ ಅಂಕ. ಎರಡು ಮೂರು ನಿಮಿಷದ ಮಾತು, ಕೇಳಿದ್ದು ಅಪ್ಪ ಅಮ್ಮ ಯಾರು, ಮನೆ ಎಲ್ಲಿ ಅಂತ. ಆಗ ಕೋರ್ಟೇ ಶೇ. 15ರ ಗೆರೆ ಎಳೆಯಿತು.

ರ‍್ಯಾಂಕ್ ಪಟ್ಟಿ ಪರಿಶುದ್ಧ ಅಂತ ನಾನು ಹೇಳ್ತಿಲ್ಲ. ಕೋಚಿಂಗಿಗೆ ದುಡ್ಡಿದ್ದವರು ಮುಂದೆ ಹೋಗ್ತಾರೆ. ಹಾಗಂತ ಒಂದು ಅನ್ಯಾಯದ ಮೇಲೆ ಇನ್ನೊಂದನ್ನು ಹೇರೋದಾ? ಪರೀಕ್ಷೆಯಲ್ಲಿ ತಪ್ಪಾದರೆ ಕೀ ಉತ್ತರ ಹಿಡಿದು ಜಗಳ ಮಾಡಬಹುದು. ‘ಹುಡುಗನಿಗೆ ಪರ್ಸನಾಲಿಟಿ ಸಾಲದು’ ಅಂದರೆ ಏನು ಹಿಡಿದು ಜಗಳ ಮಾಡೋದು?

ಕರುಣೆ ಬೇಕಾ? ಕಲಿಸಿ. ನಡತೆ, ನೀತಿ, ಸಂವಹನದ ಪಾಠ 2019ರಿಂದ ಎಂಬಿಬಿಎಸ್ ಪಠ್ಯದಲ್ಲೇ ಇದೆ. ಅದನ್ನು ಕಾಟಾಚಾರಕ್ಕೆ ಮುಗಿಸಬೇಡಿ. ಮೆಗ್ಗಾನ್ ಆಸ್ಪತ್ರೆಯ ಸಾಲಿನಲ್ಲಿ ನಿಂತ ಹೊಸನಗರದ ಅಜ್ಜಿಯ ಹತ್ತಿರ ವಿದ್ಯಾರ್ಥಿ ಹೇಗೆ ಮಾತಾಡ್ತಾನೆ ನೋಡಿ, ಅದಕ್ಕೆ ಮಾರ್ಕ್ಸ್ ಕೊಡಿ.

‘ಯಾರ ಮಗನಪ್ಪಾ ನೀನು?’ ಅಂತ ಅಜ್ಜಿಯೂ ಕೇಳ್ತಾಳೆ. ಆದರೆ ಉತ್ತರ ಕೇಳಿ ಮಾರ್ಕ್ಸ್ ಕಳೆಯಲ್ಲ.