ನೆಲದಡಿಯ ತಾಮ್ರವೂ ನೆಲದೊಡೆಯನ ತಿಳಿವಳಿಕೆಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಬರದ ಸೀಮೆಯೆಂದು ಕರೆಯುವುದು ರೂಢಿಯಾಗಿದೆ. ಇಂತಹ ನೆಲದಡಿಯಲ್ಲಿ ತಾಮ್ರ ಬೆಳ್ಳಿಗಳುಂಟೆಂಬ ಮಾತು ಕಿವಿಗೆ ಬಿದ್ದರೆ ಜನರ ಮನಸ್ಸು ಅರಳುವುದು ಸಹಜವೇ. ಆದರೆ ಈ ವಿಷಯದಲ್ಲಿ ಆಸೆಗಿಂತ ಅರಿವು ಮುಂದಿರತಕ್ಕದ್ದೆಂದು ನಮ್ಮ ಅಭಿಪ್ರಾಯ.

ಮಧುಗಿರಿ, ಪಾವಗಡಗಳ ಬೆಟ್ಟಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲಿಗೆ ಸೇರಿದವು. ಶಿರಾದ ಪಶ್ಚಿಮಕ್ಕೆ ಚಿತ್ರದುರ್ಗದಿಂದ ಇಳಿದು ಬರುವ ಪದರಶಿಲೆಗಳ ಪಟ್ಟಿಯಿದೆ. ಈ ಪಟ್ಟಿಯಲ್ಲಿಯೇ ಹಟ್ಟಿ ಚಿನ್ನದ ಗಣಿ ಕಂಪೆನಿಯವರು ದುರ್ಗದ ಬಳಿಯ ಇಂಗಳದಾಳಿನಲ್ಲಿ ತಾಮ್ರವನ್ನೂ, ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಚಿನ್ನವನ್ನೂ ತೆಗೆದು, ಕಾಲಾನಂತರದಲ್ಲಿ ಕೆಲಸವನ್ನು ನಿಲ್ಲಿಸಿದರು. ಅದಿರು ದೊರೆತ ಮಾತ್ರಕ್ಕೆ ಗಣಿಯು ಶಾಶ್ವತವಾಗದು.

ಬಂಡೆಯ ಬಿರುಕುಗಳಲ್ಲಿ ಪುರಾತನ ಕಾಲದಲ್ಲಿ ಹರಿದ ಬಿಸಿನೀರು ಬಿಟ್ಟುಹೋದ ಬೆಣಚುಕಲ್ಲಿನ ಎಳೆಗಳಲ್ಲಿ ತಾಮ್ರದ ಅದಿರು ಕೂಡಿರುತ್ತದೆ. ಬೆಳ್ಳಿಯು ಅದರೊಳಗೇ ಬೆರೆತಿರುವುದರಿಂದ ಪ್ರಯೋಗಶಾಲೆಯ ಪರೀಕ್ಷೆಯಿಲ್ಲದೆ ತಿಳಿಯುವುದಿಲ್ಲ. ಎಳೆಯು ಇಲ್ಲಿ ಮೊಳದಗಲವಿದ್ದು ಹತ್ತು ಮಾರು ಆಚೆಗೆ ಬೆರಳಿನಷ್ಟಾಗಬಹುದು. ಸ್ವಲ್ಪ ತಾಮ್ರವೂ ದೊಡ್ಡ ಬಂಡೆಗೆ ಹಸಿರು ಬಳಿಯಬಲ್ಲುದು. ಆದುದರಿಂದ ಸೊಗಸಾದ ನಾಲ್ಕು ಕಲ್ಲುಗಳನ್ನು ಆಯ್ದು ತೋರಿಸಿದರೆ ಅದು ಪ್ರಮಾಣವಲ್ಲ. ಎಳೆಗೆ ಅಡ್ಡಲಾಗಿ ಕಾಲುವೆ ತೋಡಿ, ಅಗಲವಿಡೀ ಮಾದರಿ ತೆಗೆದು, ಆಳಕ್ಕೆ ಕೊರೆದು, ಉದ್ದ, ಅಗಲ, ಸತ್ತ್ವಗಳನ್ನು ಗೊತ್ತುಮಾಡಿದ ಮೇಲೆಯೇ ಗಣಿಯ ಮಾತು.

ದೇಶಕ್ಕೆ ತಾಮ್ರವು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಭಾರತ ಸರಕಾರದವರು 2023ರಲ್ಲಿ ಹೆಸರಿಸಿದ 30 ನಿರ್ಣಾಯಕ ಖನಿಜಗಳಲ್ಲಿ ಅದೂ ಒಂದು. ಪಾವಗಡದ ಬಿಸಿಲಿನಿಂದ ಹುಟ್ಟುವ ವಿದ್ಯುತ್ತಿಗೂ ತಾಮ್ರದ ತಂತಿಯೇ ಬೇಕು. ಆದರೆ ಕೋಲಾರದ ಗಣಿಯು 2001ರಲ್ಲಿ ಮುಚ್ಚಿದ ಮೇಲೂ ಸೈನೈಡ್ ದಿಣ್ಣೆಗಳು ಊರಿನ ನಡುವೆ ಉಳಿದವು. ತಾಮ್ರದ ಗಂಧಕಯುಕ್ತ ಅದಿರಿನ ರಾಶಿಯ ಮೇಲೆ ಮಳೆ ಬಿದ್ದರೆ ಆಮ್ಲದ ನೀರು ಹರಿದು ಕೆರೆಯನ್ನು ಸೇರಬಹುದು. ಪಾವಗಡ, ಮಧುಗಿರಿಗಳ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆ ಈಗಾಗಲೇ ಇರುವುದು ಅಧಿಕಾರಿಗಳಿಗೆ ವಿದಿತವೇ ಇದೆ.

ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆಯು 1894ರಲ್ಲಿಯೇ ಏರ್ಪಟ್ಟು, ಬ್ರೂಸ್ ಫೂಟರು ಅದರ ಮೊದಲ ಮುಖ್ಯಸ್ಥರಾದರು. ಅಂದಿನಿಂದ ಬಂದ ವರದಿಗಳು ಇಂಗ್ಲಿಷಿನಲ್ಲಿಯೇ ಬೆಳೆದವು. ಹೊಲದ ರೈತನಿಗೆ ಅವುಗಳಿಂದ ಏನು ತಿಳಿದಂತಾಯಿತು? 2015ರ ತಿದ್ದುಪಡಿಯು ಗಣಿಗಳನ್ನು ಹರಾಜಿನಿಂದಲೇ ಕೊಡತಕ್ಕದ್ದೆಂದು ವಿಧಿಸಿತು. ಗಣಿಯಿಂದ ಬಾಧಿತರಾದವರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವನ್ನೂ ಏರ್ಪಡಿಸಿತು. ಇವು ಒಳ್ಳೆಯವೇ. ಆದರೆ ಬಾಧೆಯಾದ ಮೇಲಿನ ಪರಿಹಾರಕ್ಕಿಂತ ಬಾಧೆಗೆ ಮುಂಚಿನ ತಿಳಿವಳಿಕೆಯು ಮೇಲು.

ಆದುದರಿಂದ ಸರಕಾರದವರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಈ ತಾಲ್ಲೂಕುಗಳಲ್ಲಿ ಎಲ್ಲಿಯೇ ಶೋಧನೆ ನಡೆದರೂ ಅದರ ಫಲಿತಾಂಶವನ್ನು, ಸಿಕ್ಕದಿದ್ದರೆ ಸಿಕ್ಕದೆಂಬುದನ್ನೂ, ತಿಳಿಗನ್ನಡದಲ್ಲಿ ಬರೆದು ತಾಲ್ಲೂಕು ಕಚೇರಿಯಲ್ಲಿ ಇಡತಕ್ಕದ್ದು; ಹರಾಜಿಗೆ ಮೊದಲು ಗ್ರಾಮಸಭೆಯಲ್ಲಿ ಓದತಕ್ಕದ್ದು; ಕೊರೆಯುವುದಕ್ಕೆ ಮುಂಚೆ ಸುತ್ತಣ ಬಾವಿಗಳ ನೀರನ್ನು ಅಳೆದು ಪರೀಕ್ಷಿಸಿ ದಾಖಲೆ ಮಾಡತಕ್ಕದ್ದು. ಇದಕ್ಕೆ ತಗಲುವ ವೆಚ್ಚವು ಅಲ್ಪ. ತನ್ನ ಹೊಲದಡಿಯಲ್ಲಿ ಏನಿದೆಯೆಂಬುದನ್ನು ರೈತನೇ ಕಡೆಯದಾಗಿ ಕೇಳುವುದು ಸ್ವರಾಜ್ಯಕ್ಕೆ ಶೋಭಿಸದು.